ಎರಡನೆಯ ಸಹಿ

೪ ಆಗಸ್ಟ್ ೨೦೨೫, ಸೋಮವಾರ

ಮೊದಲ ತಾಸು ಲಿಮಿಟ್ಸ್. ಎರಡನೆಯದು ಖಾಲಿ. ಡಬ್ಬಿ ಹಿಡಿದು ಹರ್ಷದಾಳ ಕ್ಯಾಬಿನ್ನಿಗೆ ಹೋದೆ. ಅವಳು ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥೆ ಆಗುವ ಮೊದಲಿನಿಂದಲೂ, ಹನ್ನೊಂದು ವರ್ಷದ ರೂಢಿ. ನನ್ನ ಕುರ್ಚಿಯಲ್ಲಿ ಮಧುಕರ್ ಕೂತಿದ್ದ. ಮೈಸೂರಿನವ, ಜೂನ್‌ನಲ್ಲಿ ಸೇರಿದವ. ಲ್ಯಾಪ್‌ಟಾಪಿನಲ್ಲಿ ಏನೋ ತೋರಿಸುತ್ತಿದ್ದ. ಹರ್ಷದಾ ನಗುತ್ತಿದ್ದಳು. ಇಂಟಿಗ್ರೇಶನ್ ನೋಡಿ ನಗುವವಳಲ್ಲ.

"ಬಾ ನರ್ಮದಾ. ಫಸ್ಟ್ ಇಯರ್‌ಗೆ ಕ್ಯಾಲ್ಕ್ಯುಲಸ್ ಸಾಫ್ಟ್‌ವೇರ್ ತಗೋಬೇಕಂತ. ಗಣಪತಿ ಸೂಟಿಕಿಂತ ಮೊದಲ ಪ್ರಿನ್ಸಿಪಾಲರಿಗೆ ಹೆಸರು ಕಳಸಬೇಕು."

ಅವನು ಒಂದನ್ನು ಆರಿಸಿಯೇ ಬಂದಿದ್ದ. ನಾನು ಇನ್ನೊಂದರ ಹೆಸರು ಹೇಳಿದೆ. ಇವತ್ತು ಬೆಳಿಗ್ಗೆಯವರೆಗೆ ನನಗೇ ಅದು ಅಷ್ಟಕ್ಕಷ್ಟೆ.

ತೀರ್ಮಾನ: ನಲವತ್ತು ಪ್ರಶ್ನೆ, ಎರಡಕ್ಕೂ ಅವೇ. ಹೆಚ್ಚು ಸರಿ ಮಾಡಿದ್ದನ್ನು ತಗೊಳ್ಳುವುದು. ಪ್ರಶ್ನೆ, ಉತ್ತರ ಎರಡೂ ನನ್ನವು.

೭ ಆಗಸ್ಟ್

ಬಸ್ಸಿನಲ್ಲಿ ರಷ್ಯನ್ ಕಾದಂಬರಿ, ಕನ್ನಡದಲ್ಲಿ. ಅನುವಾದಕರು "ಹೊಟ್ಟೆಕಿಚ್ಚು" ಎಂದಿದ್ದಾರೆ. ಅದರೊಳಗಿನ ಗುಮಾಸ್ತನಿಗೆ "ಮತ್ಸರ" ಸರಿಹೋಗುತ್ತಿತ್ತು. ಅವನು ಸುಡುವವನಲ್ಲ, ಎಣಿಸುವವನು. ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದೆ.

ಮಧುಕರ್ ಈ ವಾರ ಆ ಕ್ಯಾಬಿನ್ನಿಗೆ ಹೋದದ್ದು ಆರು ಸಲ.

ಆನ್ಸರ್ ಕೀ ಒಂದೇ ಪಟ್ಟಿಗೆ ಮುಗಿಸಿದೆ. ನಮ್ಮಲ್ಲಿ ಕೀಗೆ ಎರಡು ಸಹಿ ಬೇಕು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಉತ್ತರ ನೋಡದೆ ಮತ್ತೆ ಬಿಡಿಸಿ ಸಹಿ ಮಾಡಬೇಕು.

"ಮಧುಕರ್ ಬಿಡಸಲಿ ತಗೋ," ಅಂದಳು ಹರ್ಷದಾ.

"ಅವರ ಸಾಫ್ಟ್‌ವೇರ್, ಅವರೇ ಚೆಕ್ ಮಾಡೂದು ಛಲೋ ಕಾಣಸೂದಿಲ್ಲ."

ನ್ಯಾಯದ ಮಾತು. ಇನ್ನೊಂದು ಸಾಫ್ಟ್‌ವೇರ್ ನನ್ನದಲ್ಲವೇ ಎಂದು ಯಾರೂ ಕೇಳಲಿಲ್ಲ. ಹರ್ಷದಾ ತಾನೇ ಸಹಿ ಹಾಕಿದಳು, ಒಂದೂ ಲೆಕ್ಕ ಬಿಡಿಸದೆ. "ನೀ ನೋಡಿದ ಮ್ಯಾಲ ಇನ್ನೇನದ?"

ಈ ಮಾತನ್ನು ಬಸ್ಸಿನಲ್ಲಿ ಎರಡು ಸಲ ನೆನೆದೆ.

೧೪ ಆಗಸ್ಟ್

ನಲವತ್ತಕ್ಕೆ ನನ್ನದು ೩೭. ಅವನದು ೩೬. ಇಪ್ಪತ್ತೇಳನೆಯ ಪ್ರಶ್ನೆಯಲ್ಲಿ ಹಿಂದೆ ಬಿದ್ದ. "ಕಂಗ್ರಾಟ್ಸ್ ಮೇಡಮ್" ಅಂದ. ಚಹಾ ತಂದುಕೊಟ್ಟ. ಮುಖ ಸಣ್ಣದಾಗುತ್ತದೆ ಎಂದು ಕಾದೆ… ಆಗಲಿಲ್ಲ. ಚಹಾ ಅರ್ಧ ಬಿಟ್ಟೆ.

೧೮ ಆಗಸ್ಟ್, ಬೆಳಿಗ್ಗೆ ೧೧

ಕ್ಲಾಸಿನಲ್ಲಿ ಇಪ್ಪತ್ತೇಳನೆಯದನ್ನೇ ತಗೊಂಡೆ. ಮೆರೆಯಲಿಕ್ಕೆ, ಬೇರೆ ಕಾರಣವಿಲ್ಲ. ಗ್ರಾಫ್ ಎಳೆದೆ. ರೇಖೆ ಎಲ್ಲೂ ಅಕ್ಷದ ಕೆಳಗೆ ಇಳಿಯುವುದಿಲ್ಲ. ಅದರ ಕೆಳಗಿನ ಕ್ಷೇತ್ರಫಲ ಸೊನ್ನೆಯಾಗಲು ಸಾಧ್ಯವೇ ಇಲ್ಲ.

ನನ್ನ ಕೀಯಲ್ಲಿ ಸೊನ್ನೆ ಇದೆ.

ಟ್ಯಾನ್ ಬದಲಿ ಹಾಕಿ ಬಿಡಿಸಿದ್ದೆ. ನಡುವೆ ಒಂದು ಕಡೆ ಟ್ಯಾನ್‌ಗೆ ಬೆಲೆಯೇ ಇಲ್ಲ, ಅಲ್ಲಿ ಲೆಕ್ಕ ಮುರಿಯುತ್ತದೆ — ಪ್ರತಿ ವರ್ಷ ಹುಡುಗರಿಗೆ ಎಚ್ಚರಿಸುವವಳೇ ನಾನು. ನನ್ನ ಸಾಫ್ಟ್‌ವೇರೂ ಅದೇ ತಪ್ಪು ಮಾಡಿದೆ. ಅವನದು ಸರಿ. ಅಂದರೆ ಅವನದು ೩೭, ನನ್ನದು ೩೬.

ಡಸ್ಟರ್ ತಗೊಂಡು ಅಳಿಸಿದೆ. ಯಾರೂ ಬರೆದುಕೊಂಡಿರಲಿಲ್ಲ. ನೋಡಿಕೊಂಡೆ.

೨೨ ಆಗಸ್ಟ್

ಇವತ್ತು ಹರ್ಷದಾಳಿಗೆ ಹೇಳಿದೆ. ಎದ್ದು ಬಾಗಿಲು ಹಾಕಿದಳು.

"ಸಾಫ್ಟ್‌ವೇರ್ ಹೆಸರಿನ ಪತ್ರ ನಿನ್ನೆನ ಹೋಗ್ಯದ. ಮತ್ತ ಸಹಿ ನಂದೂ ಅದ. ಬಿಡಸದ ಸಹಿ ಮಾಡೀನಿ ಅಂತ ಪ್ರಿನ್ಸಿಪಾಲರ ಮುಂದ ಹೆಂಗ ಹೇಳ್ಲಿ? ನಮ್ಮಿಬ್ಬರೊಳಗ ಇರಲಿ, ನರ್ಮದಾ."

ನಮ್ಮಿಬ್ಬರೊಳಗ.

ಡಬ್ಬಿ ಬಿಚ್ಚಿದಳು. ನನ್ನ ಕುರ್ಚಿ ಖಾಲಿ ಇತ್ತು. ರೊಟ್ಟಿ, ಮೆಂತ್ಯೆ ಪಲ್ಯ. ಜೂನ್‌ನಿಂದ ಇಷ್ಟು ಸಮಾಧಾನದಿಂದ ಉಂಡಿರಲಿಲ್ಲ. ಇದನ್ನು ಬರೆಯಲು ನಾಚಿಕೆ. ಬರೆದೆ.

೨೫ ಆಗಸ್ಟ್, ಸಂಜೆ

ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ. ಮಧುಕರ್ ನೋಟ್‌ಬುಕ್ ಹಿಡಿದು ಬಂದ.

"ಮೇಡಮ್, ಆ ಟ್ವೆಂಟಿಸೆವೆಂತ್… ಮೂರು ಸಲ ಮಾಡ್ದೆ. ಮೂರು ಸಲಾನೂ ನನ್ನ ಸಾಫ್ಟ್‌ವೇರ್ ಕೊಟ್ಟಿದ್ದೇ ಬರ್ತಿದೆ. ನಾನೆಲ್ಲಿ ತಪ್ತಿದೀನಿ ಅಂತ ಗೊತ್ತಾಗ್ತಿಲ್ಲ."

"ನೀವ ತಪ್ಪೀರಿ ಅಂತ ಯಾಕ ಅನಕೊಂಡ್ರಿ?"

"ನಿಮ್ಮ ಕೀ ಅಲ್ವಾ ಮೇಡಮ್! ಮೇಲೆ ಎರಡು ಸೈನ್ ಬೇರೆ." ನಕ್ಕ. "ನಾಳೆ ಕ್ಲಾಸಲ್ಲಿ ಇದನ್ನೇ ತಗೋತೀನಿ, ಸಾಫ್ಟ್‌ವೇರನ್ನ ಕಣ್ಣು ಮುಚ್ಕೊಂಡು ನಂಬ್ಬೇಡಿ ಅಂತ. ಅದಕ್ಕೆ ಮೊದ್ಲು ನಂಗೆ ಅರ್ಥ ಆಗ್ಬೇಕಲ್ಲ."

ನೋಟ್‌ಬುಕ್ ನೋಡಿದೆ. ಮೂರು ಪುಟ. ಮೂರೂ ಸರಿ. ಮೂರರ ಮೇಲೂ ತಾನೇ ಅಡ್ಡಗೆರೆ ಹೊಡೆದಿದ್ದ.

ಬಾಗಿಲಲ್ಲಿ ಹರ್ಷದಾ, ಕೈಯಲ್ಲಿ ಸ್ಕೂಟರಿನ ಕೀಲಿ. "ಹೊಂಟಿಯೇನ ನರ್ಮದಾ? ಬಿಬವೇವಾಡಿ ನಿನ್ನ ಮನೀ ತನಕಾ ಬಿಡ್ತೀನಿ ಬಾ." ಮಧುಕರನನ್ನು ಕಂಡಳು. ನೋಟ್‌ಬುಕ್ ಕಂಡಳು. "ನಾಳೆ ನೋಡೂಣು ಏಳ."

ಎದ್ದುಬಿಡಬಹುದಿತ್ತು. ಅವಳು ಕರೆದದ್ದು ನನ್ನನ್ನು, ಅವನನ್ನಲ್ಲ.

"ಕೂಡ್ರಿ ಮಧುಕರ್," ಅಂದೆ. "ಮೂರೂ ಸರಿ ಅದಾವ."

ಹರ್ಷದಾ ತಿರುಗಿ ಹೊರಟಳು. ಕಾರಿಡಾರಿನಲ್ಲಿ ಅವಳ ಚಪ್ಪಲಿ ಸಪ್ಪಳ ಮೆಟ್ಟಿಲ ತನಕ ಕೇಳಿಸಿತು.

ಮಧುಕರ್ ನೋಟ್‌ಬುಕ್ ನೋಡಿದ, ಆಮೇಲೆ ಖಾಲಿ ಬಾಗಿಲು, ಆಮೇಲೆ ನನ್ನ ಮುಖ.

"ಹಾಗಾದ್ರೆ ಮೇಡಮ್, ಕೀ…"

"ಇಪ್ಪತ್ತೇಳನೇದು ಕೀಯೊಳಗ ತಪ್ಪದ, ತಪ್ಪು ನಂದು," ಅಂದೆ.