ಅಮ್ಮನ ಎಲೆಯನ್ನು ಸುಳ್ಳಿನ ಡಬ್ಬಿಗೆ ಹಾಕಿಸಿದವರಿಗೆ

ಮಕ್ಕಳ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನಾನು ಸ್ವರ್ಣಲತಾ. ಉಡುಪಿ ಕಡೆಯವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು, ಗಂಡನ ಜೊತೆ ಸ್ಟೇಷನ್ ಪಕ್ಕ ಹೋಟೆಲು ನಡೆಸಿ, ಅವರು ಹೋದ ಮೇಲೂ ಗಲ್ಲಾದಲ್ಲಿ ಕೂತವಳು. ನಮ್ಮ ಸೊಸೈಟಿಯಲ್ಲಿ ಜಗಳವಾದರೆ ಮೊದಲು ನನ್ನ ಬಾಗಿಲು ತಟ್ಟುತ್ತಾರೆ. ಯಾರ ಮುಂದೆಯೂ ಕೈಚಾಚಿ ಗೊತ್ತಿಲ್ಲದ ನಾನು ಈಗ ನಿಮಗೆ ಬರೆಯುತ್ತಿರುವುದು ಒಂದೇ ಕಾರಣಕ್ಕೆ: ನಿಮ್ಮ ಹೊಸ ಚಿಕಿತ್ಸೆ ಶುರುವಾದ ಮೇಲೆ ನನ್ನ ಮೊಮ್ಮಗಳು ಅನುಷ್ಕಾ ಊಟ ಬಿಟ್ಟಿದ್ದಾಳೆ.

ಅವಳಿಗೆ ಎಂಟು ವರ್ಷ. ನನ್ನ ಸೊಸೆ ಅಶ್ಮಿತಾ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಸತ್ತವರಿಗೆ ಬಡಿಸುವುದು ನಮ್ಮಲ್ಲಿ ಪದ್ಧತಿ. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತೇವೆ. ಆಮೇಲೆ ಬಾಗಿಲು ತೆರೆದು ನಾವು ಉಣ್ಣುತ್ತೇವೆ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಇದನ್ನು ನೋಡಿದ ಮಗು, ಅಮ್ಮನಿಗೆ ದಿನಾ ಹೀಗೇ ಬಡಿಸಬೇಕು ಎಂದುಕೊಂಡಿತು. ವರ್ಷಕ್ಕೊಮ್ಮೆ ಸಾಕು ಮಗಾ ಎನ್ನಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಶಾಲೆಯಲ್ಲೂ ಅವಳು ಟಿಫಿನ್ನಿನ ಅರ್ಧ ತೆಗೆದು ಮೆಟ್ಟಿಲ ಮೇಲೆ ಇಡತೊಡಗಿದಳು. ಟೀಚರು ನಿಮ್ಮ ಕಚೇರಿಗೆ ತಿಳಿಸಿದರು. ಅವರು ಮಾಡಿದ್ದು ಸರಿ. ನಾನು ಚಿಕಿತ್ಸೆಯ ವೈರಿಯಲ್ಲ.

ಮೊದಲು ಬಂದ ಸಮಾಜ ಕಾರ್ಯಕರ್ತೆ ಸೌಜನ್ಯ ಮಗುವನ್ನು ಒಂಟಿಯಾಗಿ ಕೂರಿಸಲಿಲ್ಲ. ನನ್ನನ್ನೂ ನನ್ನ ಮಗ ಹಿತೇಶನನ್ನೂ ಜೊತೆಗೇ ಕೂರಿಸಿದಳು. ಆಟದ ಪಾತ್ರೆ ಕೊಟ್ಟು ಮಗುವಿನ ಕೈಯಿಂದ ನಮಗೆಲ್ಲ ಬಡಿಸಿದಳು. "ದಿನಾ ಬೇಡ, ಅಮಾವಾಸ್ಯೆಗೆ ಸಾಕು ಅಂತ ಒಂದಿನ ಮಗುವೇ ಹೇಳುತ್ತೆ ಅಮ್ಮ, ಅವಸರ ಮಾಡ್ಬೇಡಿ" ಎಂದಳು. ನಿಜ ಹೇಳಲೇ? ಟಿಫಿನ್ ಮೆಟ್ಟಿಲಿಗೆ ಹೋಗುವುದು ನಿಂತಿತು. ಮನೆಯಲ್ಲಿ ಎಲೆ ವಾರಕ್ಕೊಮ್ಮೆಗೆ ಇಳಿಯಿತು.

ಆಗ ನಿಮ್ಮ ಸುತ್ತೋಲೆ ಬಂತು. ಇಡೀ ಜಿಲ್ಲೆಗೆ ಒಂದೇ ಪದ್ಧತಿ! ಸೌಜನ್ಯಳ ಗುತ್ತಿಗೆ ಮುಗಿಯಿತೆಂದು ಕಳಿಸಿದಿರಿ. ಹೊಸಬಳು ಬಂದಳು. ಒಳ್ಳೆಯ ಹುಡುಗಿಯೇ, ಕೈತುಂಬ ಕೆಲಸ, ಪಾಪ. "ಆಜಿ, ತುಮ್ಹೀ ಬಾಹೇರ್ ಬಸಾ" ಎಂದು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಒಳಗೆ ಎರಡು ಡಬ್ಬಿ: ನಿಜದ್ದು ಹಸಿರು, ಸುಳ್ಳಿನದು ಕೆಂಪು. ಮನಸ್ಸಿನಲ್ಲಿರುವುದನ್ನು ಚೀಟಿಯಲ್ಲಿ ಬರೆದು ಸರಿಯಾದ ಡಬ್ಬಿಗೆ ಹಾಕಬೇಕು. 'ಅಮ್ಮ ಊಟಕ್ಕೆ ಬರುತ್ತಾಳೆ' ಎಂಬ ಚೀಟಿಯನ್ನು ಮಗು ಕೆಂಪು ಡಬ್ಬಿಗೆ ಹಾಕಿತು. ಅದಕ್ಕೊಂದು ನಕ್ಷತ್ರದ ಸ್ಟಿಕ್ಕರ್ ಸಿಕ್ಕಿತು. ಮನೆಗೆ ಬಂದವಳು ತಟ್ಟೆ ದೂಡಿದಳು. "ಅಜ್ಜಿ, ಮೈನೇ ಮಮ್ಮಾಕೋ ಮನಾ ಕರ್ ದಿಯಾ" ಎಂದಳು. ಬರಬೇಡ ಎಂದು ಅಮ್ಮನಿಗೆ ತಾನೇ ಹೇಳಿಬಿಟ್ಟೆನಂತೆ! ಅಂದಿನಿಂದ ನೀರು, ಹೆಚ್ಚೆಂದರೆ ಎರಡು ಗುಟುಕು ಹಾಲು. ಮೊನ್ನೆ ಸಲೈನ್ ಹಾಕಿಸಿದೆವು. ಸೂಜಿ ಚುಚ್ಚಲು ಆ ಕೈಯಲ್ಲಿ ಬೇಗ ನರವೇ ಸಿಗಲಿಲ್ಲ.

ಸತ್ತವರು ಸತ್ತಿದ್ದಾರೆಂದು ನಮಗೆ ಗೊತ್ತಿಲ್ಲವೇ? ಬದುಕಿರುವವರಿಗೆ ಬಡಿಸಿ ಯಾರಾದರೂ ಬಾಗಿಲು ಮುಚ್ಚುತ್ತಾರೆಯೇ? ಎಲ್ಲವನ್ನೂ ಬಲ್ಲ ನಿಮ್ಮ ಪದ್ಧತಿಗೆ ಇಷ್ಟು ತಿಳಿಯದೇ ಹೋಯಿತೇ? ಆ ಡಬ್ಬಿಗಳಿಂದ ಬೇರೆ ಮಗುವಿಗೆ ಗುಣವಾಗಿರಬಹುದು. ಯಾರಿಗೆ ಯಾವುದು ಎಂದು ನೋಡಬೇಕಾದವರು ಮಗುವಿನ ಎದುರು ಕೂತವರೋ, ಥಾಣೆಯ ಜಿಲ್ಲಾ ಕಚೇರಿಯಲ್ಲಿ ಮೇಜಿನ ಹಿಂದೆ ಕೂತ ನೀವೋ?

ಇದನ್ನೇ ಕೇಳಲು ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ, ಯಾವಾಗಲೂ ಇರುವಂತೆ. ವಿಜಯಪುರದ ಕಡೆಯ ಗುಮಾಸ್ತ ಲಕ್ಷ್ಮೀಕಾಂತ ಕುರ್ಚಿ ಕೊಟ್ಟ.

"ಸರ್ಕ್ಯುಲರ್ ಬಂದೈತ್ರಿ ಅಮ್ಮಾರ. ಎಲ್ಲಾ ಮಕ್ಕಳಿಗೂ ಒಂದೇ. ನಮ್ಮ ಕೈಯಾಗ ಏನಿಲ್ರಿ."

"ಜ್ವರಕ್ಕೂ ಕಾಲು ಮುರಿದದ್ದಕ್ಕೂ ಒಂದೇ ಮದ್ದು ಕೊಡ್ತೀರಾ ಮಾರಾಯ?"

"ಮದ್ದಿನ ಖಾತೆ ಬ್ಯಾರೆರಿ ಅಮ್ಮಾರ."

ನಗು ಬಂತು. ಆಮೇಲೆ ಅವನು ನಿಮ್ಮ ನೋಟೀಸು ಕೊಟ್ಟ. ಮನೆಯಲ್ಲಿ ಎಲೆ ಹಾಕುವುದು ಮುಂದುವರಿದರೆ, ಮಗುವಿನ ಭ್ರಮೆಗೆ ಕುಟುಂಬವೇ ಕುಮ್ಮಕ್ಕು ಕೊಡುತ್ತಿದೆ ಎಂದು ತಿಳಿದು ಅವಳನ್ನು ಬಾಲಗೃಹಕ್ಕೆ ಸೇರಿಸುತ್ತೀರಂತೆ. ತಾಯಿ ಹೋದ ಮಗುವಿನಿಂದ ಅಜ್ಜಿಯನ್ನೂ ತಂದೆಯನ್ನೂ ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ? ಅದಕ್ಕೂ ಒಂದು ಸ್ಟಿಕ್ಕರ್ ಇದೆಯೇ?

ನನ್ನ ಒತ್ತಾಯ ಇಷ್ಟೇ. ಆ ಸುತ್ತೋಲೆ ಹಿಂತೆಗೆದುಕೊಳ್ಳಿ. ಮಗುವಿಗೆ ಯಾವ ದಾರಿ ಎಂಬುದನ್ನು ಅದರ ಕಾರ್ಯಕರ್ತೆ, ಮನೆಯವರ ಜೊತೆ ಕೂತು ನಿರ್ಧರಿಸಲಿ. ಸೌಜನ್ಯಳನ್ನು ವಾಪಸ್ ಕರೆಯಿರಿ. ಬೇಡಿ ಅಭ್ಯಾಸವಿಲ್ಲ, ಆದರೂ ಬೇಡುತ್ತಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುವಷ್ಟು ಶಕ್ತಿ ಆ ಮೈಯಲ್ಲಿ ಉಳಿದಿಲ್ಲ. ಮತ್ತೆ ಎಲೆ ಹಾಕೋಣ ಎಂದು ಇಂದು ಬೆಳಿಗ್ಗೆ ಹಿತೇಶನಿಗೆ ಹೇಳಿದೆ. ತಾನು ಕೆಲಸ ಮಾಡುವ ತುರ್ಭೆಯ ಕಂಪನಿಗೆ ರಜೆ ಹಾಕಿದ. "ಆಫೀಸಿನವರ ಜೊತೆ ಪಂಗಾ ಬೇಡಮ್ಮ, ಮಗೂನ ಎತ್ಕೊಂಡು ಹೋದ್ರೆ?" ಎಂದು ಹೆದರಿದ.

"ಉಣ್ಣದಿದ್ರೆ ಅವಳು ಹೇಗೂ ನಮ್ಮ ಕೈಗೆ ಉಳಿಯೋದಿಲ್ಲ. ಹೋಗು, ಎಲೆ ತಾ" ಎಂದೆ.

ಮಧ್ಯಾಹ್ನ ಎಲೆ ಹಾಕಿದೆವು. ಅಶ್ಮಿತಾಳಿಗೆ ಇಷ್ಟವಾದ ನೀರುದೋಸೆ, ಕೋಳಿ ಗಸಿ. ಅನುಷ್ಕಾಳೇ ಬಡಿಸಿದಳು. ಬಾಗಿಲು ಮುಚ್ಚಿ ಮೂವರೂ ಹೊರಗೆ ಕೂತೆವು.

"ಮಮ್ಮಾ ಗುಸ್ಸಾ ಹೈ ಕ್ಯಾ?"

"ಸಿಟ್ಟಿಲ್ಲ ಮಗಾ. ನೀನು ಉಂಡಿಲ್ಲ ಅಂತ ಬೇಜಾರು, ಅಷ್ಟೇ."

ಬಾಗಿಲು ತೆರೆದ ಮೇಲೆ ಅವಳು ನನ್ನ ಕೈಯಿಂದ ಅರ್ಧ ದೋಸೆ ತಿಂದಳು. ನಿಮ್ಮ ಚಿಕಿತ್ಸೆಗೆ ಅವಳನ್ನು ಇನ್ನು ಕಳಿಸುವುದಿಲ್ಲ. ಕರೆದೊಯ್ಯಲು ಬರುವವರು ಮೊದಲು ನನ್ನನ್ನು ದಾಟಲಿ.

ಇಂತಿ,
ನಿಮ್ಮ ಕಡತದಲ್ಲಿ 'ಸಹಕರಿಸದ ಅಜ್ಜಿ',
ಸ್ವರ್ಣಲತಾ ಭುಜಂಗ ಶೆಟ್ಟಿ
ಡೊಂಬಿವಲಿ