ಅತ್ತೆಗೆ ಆಗದ ಚೀಸು

ರೀ, ನಾನು ಡ್ಯೂಟಿಗೆ ಹೊರಟೆ. ಮುಳ್ಳು ತೆಗೆದ ಬಿಳಿ ಮೀನು, ಆಲೂಗಡ್ಡೆ, ಕೆನೆ ಎಲ್ಲ ಗಾಜಿನ ಟ್ರೇಯಲ್ಲಿ ಜೋಡಿಸಿ ಫ್ರಿಜ್ಜಲ್ಲಿ ಇಟ್ಟಿದ್ದೀನಿ. ಮೇಲೆ ಚೀಸು ತುರಿದು ಹಾಕಿ ಓವನ್ನಲ್ಲಿಡಿ. ಹೋದ ಸಲದ ಹಾಗೆ ಗಳಿಗೆಗೊಮ್ಮೆ ಬಾಗಿಲು ತೆಗೆದು ಇಣುಕಬೇಡಿ. ಮೀನಿಗೇನು ಕಾಲು ಬಂದಿಲ್ಲ, ಓಡಿಹೋಗೋದಿಲ್ಲ. ಮೇಲೆ ಕೆಂಪಗಾದಾಗ ತೆಗೆದರಾಯ್ತು.

ಅತ್ತೆ ಕೇಳಿದ್ರೆ ಮೇಲಿರೋದು ಕೆನೆ ಅನ್ನಿ. ಚೀಸು ಅಂದ್ರೆ ಮೂಗು ಮುರೀತಾರಲ್ಲ. ಹಾಗಿದ್ರೂ ಮೊನ್ನೆ ಟ್ರೇಯ ಮೂಲೆಯಲ್ಲಿ ಗರಿಗರಿಯಾಗಿ ಅಂಟಿದ್ದನ್ನೆಲ್ಲ ಚಮಚದಲ್ಲಿ ಕೆರೆದು ತಿಂದವರು ಅವರೇ.

ಇನ್ನೊಂದು ವಿಷಯ. ನಮ್ಮ ಚೀಸು ನಿನ್ನೆಯೇ ಮುಗಿದಿತ್ತು. ಬೆಳಗ್ಗೆ ನೋಡಿದ್ರೆ ಫ್ರಿಜ್ಜಲ್ಲಿ ಹೊಸ ಡಬ್ಬಿ ಇದೆ. ನಾನು ತಂದಿಲ್ಲ. ನೀವಂತೂ ಹೇಳದೆ ಒಂದು ಕಡ್ಡಿಪೆಟ್ಟಿಗೆಯನ್ನೂ ತಂದವರಲ್ಲ.

ಬಾಯಿ ಬಿಡಬೇಡಿ. ಮೂಲೆಯ ತುಂಡು ಅವರಿಗೇ ಬಡಿಸಿ.