ದೋಣಿಯಲ್ಲಿ ಬಂದ ಬೆನ್ನು

ರೀ,

ಗಾಢ ನಿದ್ದೆಯಲ್ಲಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಅಂಗನವಾಡಿಗೆ ಹೊರಟಿದ್ದೇನೆ.

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊಳ್ಳಿ. ಅಂಗೈಯ ಬೊಬ್ಬೆ ಒಡೆಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ. ಬೆಳಿಗ್ಗೆ ಹೋಗಿ ದೋಣಿಯ ಹಗ್ಗ ಬಿಗಿದು ಬಂದೆ. ಆದರೂ ನೀವೊಮ್ಮೆ ನೋಡಿ, ನಾನು ಹಾಕಿದ ಗಂಟಿನ ಮೇಲೆ ನನಗೇ ನಂಬಿಕೆ ಇಲ್ಲ.

ನಿನ್ನೆ ದಡದಲ್ಲಿ ಎಲ್ಲರೆದುರು ನಾನು ಬೈದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಈ ವರ್ಷ ನೀರು ಬೇರೆ ತುಂಬಿದೆ. ಮಾರಿಕಣಿವೆಯಲ್ಲಿ ಕೊಂಡ ಹೊಸ ದೋಣಿಯನ್ನು ಇಡೀ ಹಿನ್ನೀರಿನಲ್ಲಿ ಒಬ್ಬರೇ ಹುಟ್ಟು ಹಾಕಿಕೊಂಡು ತರುತ್ತೀರೆಂದು ಮಧ್ಯಾಹ್ನದಿಂದ ಕಾಯುತ್ತಿದ್ದೆ. ಹರಿಗೋಲಿನಲ್ಲಿ ಬರುವಾಗ ನಿಮ್ಮ ಮುಖ ಯಾವಾಗಲೂ ನಮ್ಮ ಕಡೆಗೇ ಇರುತ್ತಿತ್ತು. ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೇ ಬೆನ್ನು ಮಾಡಿ ಕೂರಬೇಕೆಂದು ನನಗೆ ಹೇಗೆ ಗೊತ್ತಾಗಬೇಕು? ಯಾರೋ ಬೇರೆಯವರು ದೋಣಿ ತರುತ್ತಿದ್ದಾರೆ, ನಿಮ್ಮ ಬಗ್ಗೆ ಕೆಟ್ಟ ಸುದ್ದಿ ಹೇಳಬೇಕಾಗಿ ಬಂದು ಮುಖ ತೋರಿಸಲಾರದೆ ಹಾಗೆ ಕೂತಿದ್ದಾರೆ ಅಂದುಕೊಂಡು ಅಲ್ಲೇ ಕುಸಿದು ಅಳತೊಡಗಿದೆ.

"ಏ ಹುಚ್ಚಿ, ಅದು ನನ್ ಮಗನ ಬೆನ್ನು ಕಣೇ! ಇಷ್ಟ್ ವರ್ಷ ಸಂಸಾರ ಮಾಡೀಯ, ಗುರ್ತು ಸಿಗಲ್ವೇನೇ?" ಎಂದು ಅತ್ತೆ ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನೀವು ಇಳಿದ ಕೂಡಲೇ ಅದೆಲ್ಲ ನಿಮ್ಮ ಮೇಲೆ ಬಿತ್ತು.

ದೋಣಿ ಚೆನ್ನಾಗಿದೆ. ರಾತ್ರಿ ನಿಮ್ಮ ಗೊರಕೆ ಕೇಳುತ್ತಾ ನಾನೂ ಚೆನ್ನಾಗಿ ನಿದ್ದೆ ಮಾಡಿದೆ.

ಒಂದು ಮಾತು ನಡೆಸಿಕೊಡಿ. ಇನ್ನು ಮೇಲೆ ದಡ ಹತ್ತಿರವಾದಾಗ ಹುಟ್ಟು ನಿಲ್ಲಿಸಿ, ಒಂದು ಸಲ ಈ ಕಡೆ ತಿರುಗಿ.

ಶಾಂತಿ